ಇಲ್ಲದ ಚಿಪ್ ಮೇಲೆ ಓಡುವ ಪ್ರೋಗ್ರಾಂ

ಒಂಬತ್ತಕ್ಕೆ ಎಂಟು ಸೇರಿಸಿದರೆ ಹದಿನೇಳು. ಇಷ್ಟು ಲೆಕ್ಕವನ್ನು, 1976ರಲ್ಲಿ ಇಂಟೆಲ್ ಕಂಪನಿ ಹೊರತಂದ 8085 ಎಂಬ ಪ್ರೊಸೆಸರ್‌ಗೆ ಅದರದೇ ಭಾಷೆಯಲ್ಲಿ ಹೇಳಲು ಆರು ಬೈಟ್ ಸಾಕು: 3ಇ, 09, ಸಿ6, 08, 27, 76. ಮೊದಲೆರಡು ಬೈಟ್ ‘ಎ ರಿಜಿಸ್ಟರ್‌ಗೆ 09 ತುಂಬು’ ಎನ್ನುತ್ತವೆ. ಮುಂದಿನೆರಡು ‘ಅದಕ್ಕೆ 08 ಕೂಡಿಸು’ ಎನ್ನುತ್ತವೆ. 27 ಎಂದರೆ ‘ಬಂದ ಉತ್ತರವನ್ನು ನಮ್ಮ ಹತ್ತರ ಲೆಕ್ಕಕ್ಕೆ ತಿದ್ದು’, 76 ಎಂದರೆ ‘ನಿಲ್ಲು’.

ಪೊನ್ನಂಪೇಟೆಯ ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲೋ ಕುಶಾಲನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲೋ ಓದುವ ಹುಡುಗಿಯೊಬ್ಬಳು ಇದನ್ನು ಹಾಸ್ಟೆಲ್ ಕೋಣೆಯಲ್ಲಿ ತನ್ನ ಲ್ಯಾಪ್‌ಟಾಪ್‌ ಮೇಲೆ ಓಡಿಸುತ್ತಾಳೆ ಎನ್ನಿ. ಆ ಲ್ಯಾಪ್‌ಟಾಪ್‌ನೊಳಗೆ 8085 ಇಲ್ಲ. ಅಲ್ಲಿರುವ ಇಂದಿನ ಇಂಟೆಲ್ ಪ್ರೊಸೆಸರ್‌ಗೆ ಇದೇ ಆರು ಬೈಟ್‌ಗಳನ್ನು ನೇರವಾಗಿ ಉಣಿಸಿದರೆ ಅದು ಕೂಡುವುದೇ ಇಲ್ಲ. 09, ಸಿ6 ಎಂಬ ಜೋಡಿಯನ್ನು ಎರಡು ರಿಜಿಸ್ಟರ್‌ಗಳ ನಡುವಿನ ‘ಆರ್’ ಎಂಬ ತಾರ್ಕಿಕ ಆದೇಶವೆಂದು ಓದಿಕೊಂಡು ಮುಂದೆ ಎಲ್ಲೋ ಹೋಗಿಬಿಡುತ್ತದೆ. ಆದರೂ ಪರದೆಯಲ್ಲಿ ‘ಎ’ ಎಂದು ಬರೆದ ಚೌಕದೊಳಗೆ ಸರಿಯಾಗಿ 17 ಮೂಡುತ್ತದೆ.

ನಡುವೆ ಕೂತು ಈ ಕೆಲಸ ಮಾಡಿಸುವ ಸಾಫ್ಟ್‌ವೇರ್‌ಗೆ ಸಿಮ್ಯುಲೇಟರ್ ಎಂದು ಹೆಸರು. ಇಂಟರ್ನಲ್ಸ್ ಹತ್ತಿರ ಬಂದಾಗ ತೆರೆದು, ವೈವಾ ಮುಗಿದ ಮೇಲೆ ಮುಚ್ಚಿಡುವ ಸಾಧನ ಇದು. ‘ಬೋರ್ಡ್ ಇಲ್ಲದಿದ್ದರೆ ಇದು’ ಎಂಬ ಸಣ್ಣ ತಾತ್ಸಾರವೂ ಲ್ಯಾಬ್‌ಗಳಲ್ಲಿ ಉಂಟು. ಆದರೆ ಕಂಪ್ಯೂಟರ್ ಚರಿತ್ರೆಯ ಕೆಲವು ದೊಡ್ಡ ಕೆಲಸಗಳು ನಡೆದದ್ದೇ ಹೀಗೆ, ಚಿಪ್ ಕೈಗೆ ಬರುವ ಮೊದಲು. ಅನುಕರಣೆಯಲ್ಲಿ ಸರಿ ಬಂದದ್ದನ್ನೇ ಕೊನೆಯ ಮಾತೆಂದು ನಂಬಿ ಕೆಟ್ಟ ಉದಾಹರಣೆಗಳೂ ಅದೇ ಚರಿತ್ರೆಯಲ್ಲಿವೆ. ಚಿಪ್ ತಯಾರಾಗುವ ಊರಿಗೂ ಮಾರುವ ಪೇಟೆಗೂ ದೂರದಲ್ಲಿ, ಇವತ್ತಿಗೂ ರೈಲು ಹಳಿ ಬಾರದ ಕೊಡಗಿನಲ್ಲಿ ಕೂತು ಓದುವವರಿಗೆ ಈ ಎರಡು ಕಥೆಗಳೂ ಬೇಕು.

ನಿಯಮಗಳೇ ಯಂತ್ರ

8085ರೊಳಗೆ ಸುಮಾರು 6,500 ಟ್ರಾನ್ಸಿಸ್ಟರ್‌ಗಳಿವೆ, ಹೊರಗೆ 40 ಕಾಲುಗಳಿವೆ. ಅಸೆಂಬ್ಲಿ ಬರೆಯುವವರಿಗೆ ಇವೆರಡೂ ಕಾಣುವುದಿಲ್ಲ. ಅವರಿಗೆ ಕಾಣುವುದು ಎ, ಬಿ, ಸಿ, ಡಿ, ಇ, ಎಚ್, ಎಲ್ ಎಂಬ ಏಳು ರಿಜಿಸ್ಟರ್‌ಗಳು, ಐದು ಫ್ಲ್ಯಾಗ್‌ಗಳು, ಮುಂದಿನ ಆದೇಶ ಎಲ್ಲಿದೆ ಎಂದು ಹೇಳುವ ಪ್ರೋಗ್ರಾಂ ಕೌಂಟರ್, ಸ್ಟ್ಯಾಕ್ ಪಾಯಿಂಟರ್ ಮತ್ತು 65,536 ಮೆಮೊರಿ ಕೋಶಗಳು. ಇವುಗಳಿಗೆ ಯಾವ ಆದೇಶ ಬಂದರೆ ಏನಾಗಬೇಕು ಎಂಬುದನ್ನು ಇಂಟೆಲ್‌ನ ಕೈಪಿಡಿ ಒಂದೊಂದಾಗಿ ಹೇಳಿದೆ. ಸಿಮ್ಯುಲೇಟರ್ ಬರೆಯುವವರು ಮಾಡುವುದು ಇಷ್ಟೇ: ಪ್ರತಿ ರಿಜಿಸ್ಟರ್‌ಗೂ ಒಂದು ವೇರಿಯಬಲ್ ಇಡುತ್ತಾರೆ, ಮೆಮೊರಿಗೆ 65,536 ಮನೆಗಳ ಒಂದು ಸಾಲು ಹಾಕುತ್ತಾರೆ. ಆಮೇಲೆ ಒಂದು ಸುತ್ತು ಶುರುವಾಗುತ್ತದೆ. ಪ್ರೋಗ್ರಾಂ ಕೌಂಟರ್ ತೋರಿಸುವ ಮನೆಯಿಂದ ಬೈಟ್ ಎತ್ತಿಕೊ, ಅದು ಯಾವ ಆದೇಶವೆಂದು ನೋಡು, ಕೈಪಿಡಿ ಹೇಳಿದಂತೆ ವೇರಿಯಬಲ್‌ಗಳನ್ನು ಬದಲಿಸು, ಮತ್ತೆ ಮೊದಲಿಗೆ ಬಾ.

ಕೇಳಲು ಸುಲಭ. ನಿಷ್ಠೆಯ ಪರೀಕ್ಷೆ ಇರುವುದು ಸಣ್ಣ ವಿವರಗಳಲ್ಲಿ. ನಮ್ಮ ಹದಿನೇಳನ್ನೇ ನೋಡಿ. 09 ಮತ್ತು 08 ಕೂಡಿದಾಗ ಎ ರಿಜಿಸ್ಟರ್‌ನಲ್ಲಿ ಉಳಿಯುವುದು ಹದಿನಾರರ ಲೆಕ್ಕದ 11. ಅದನ್ನು 17 ಆಗಿ ತಿದ್ದುವ ಆದೇಶ 27, ಅಂದರೆ ಅಸೆಂಬ್ಲಿಯ ‘ಡಿಎಎ’. ಬಲಗಡೆಯ ಅಂಕಿಯನ್ನು ತಿದ್ದಲು ಅದು ಎರಡು ವಿಷಯ ನೋಡುತ್ತದೆ. ಬಲಗಡೆಯ ಅಂಕಿ ಒಂಬತ್ತನ್ನು ದಾಟಿದೆಯೇ? ಕೂಡುವಾಗ ಕೆಳಗಿನ ನಾಲ್ಕು ಬಿಟ್‌ಗಳಿಂದ ಮೇಲಿನ ನಾಲ್ಕಕ್ಕೆ ದಶಕ ಹೋಗಿತ್ತೇ? ಇಲ್ಲಿ ಬಲಗಡೆಯ ಅಂಕಿ 1, ಅದು ದಾಟಿಲ್ಲ. ಆದರೆ ದಶಕ ಹೋಗಿದೆ, ಅದರ ಗುರುತು ‘ಆಕ್ಸಿಲಿಯರಿ ಕ್ಯಾರಿ’ ಎಂಬ ಫ್ಲ್ಯಾಗ್‌ನಲ್ಲಿ ಉಳಿದಿದೆ. ಆದ್ದರಿಂದ 6 ಸೇರಿಸಬೇಕು, 11 ಹೋಗಿ 17 ಆಗಬೇಕು. ಸಿಮ್ಯುಲೇಟರ್ ಬರೆದವರು ಈ ಫ್ಲ್ಯಾಗ್ ಒಂದನ್ನು ಮರೆತರೆ, ಮಿಕ್ಕೆಲ್ಲ ಸರಿಯಿದ್ದರೂ ಒಂಬತ್ತು ಮತ್ತು ಎಂಟು ಸೇರಿ ಹನ್ನೊಂದಾಗುತ್ತದೆ. ಆದರೆ ಎಂಟು ಮತ್ತು ಆರು ಕೂಡಿದಾಗ ತಪ್ಪು ಗೊತ್ತಾಗುವುದಿಲ್ಲ. ಅಲ್ಲಿ ಬಲಗಡೆಯ ಅಂಕಿಯೇ ಒಂಬತ್ತನ್ನು ದಾಟಿರುವುದರಿಂದ 14 ಸರಿಯಾಗಿ ಬರುತ್ತದೆ. ಅರ್ಧ ಸರಿಯಿರುವ ಸಿಮ್ಯುಲೇಟರ್‌ನ ಅಪಾಯ ಇದು: ನಾಲ್ಕು ಲೆಕ್ಕ ಸರಿ ತೋರಿಸಿ ನಂಬಿಸುತ್ತದೆ.

ಒಳ್ಳೆಯ ಸಿಮ್ಯುಲೇಟರ್ ಸಮಯದ ಲೆಕ್ಕವನ್ನೂ ಇಡುತ್ತದೆ. ಕೈಪಿಡಿಯ ಪ್ರಕಾರ ನಮ್ಮ ನಾಲ್ಕು ಆದೇಶಗಳಿಗೆ ಕ್ರಮವಾಗಿ 7, 7, 4 ಮತ್ತು 5 ಗಡಿಯಾರದ ಬಡಿತ ಬೇಕು, ಒಟ್ಟು 23. ಲ್ಯಾಬ್ ಬೋರ್ಡ್‌ಗಳಲ್ಲಿ ಸಾಮಾನ್ಯವಾದ 6.144 ಮೆಗಾಹರ್ಟ್ಸ್ ಸ್ಫಟಿಕ ಹಾಕಿದರೆ 8085 ಅದನ್ನು ಅರ್ಧ ಮಾಡಿಕೊಂಡು 3.072 ಮೆಗಾಹರ್ಟ್ಸ್‌ನಲ್ಲಿ ನಡೆಯುತ್ತದೆ. ಆಗ ಇಡೀ ಪ್ರೋಗ್ರಾಂ ಮುಗಿಯಲು ಸುಮಾರು ಏಳೂವರೆ ಮೈಕ್ರೊಸೆಕೆಂಡ್ ಹಿಡಿಯುತ್ತದೆ. ಲ್ಯಾಪ್‌ಟಾಪ್‌ನ ಸಿಮ್ಯುಲೇಟರ್ ಒಂದೊಂದು 8085 ಆದೇಶಕ್ಕೂ ತನ್ನ ಹತ್ತಾರು ಆದೇಶಗಳನ್ನು ಖರ್ಚು ಮಾಡುತ್ತದೆ. ಅದರ ಗಡಿಯಾರ ಸೆಕೆಂಡಿಗೆ ನೂರಾರು ಕೋಟಿ ಸಲ ಬಡಿಯುವುದರಿಂದ, ಇಷ್ಟು ದುಂದು ಮಾಡಿಯೂ ಅದು ಅಸಲಿ ಚಿಪ್‌ಗಿಂತ ಮುಂಚೆ ಮುಗಿಸಬಲ್ಲದು.

ಕಿಟ್ ಮತ್ತು ಕಕ್ಕಡದ ಮಳೆ

ಸಿಮ್ಯುಲೇಟರ್ ಬರುವ ಮೊದಲು ನಮ್ಮ ಕಾಲೇಜುಗಳಲ್ಲಿ ಇದೇ ಪಾಠ ನಡೆಯುತ್ತಿದ್ದದ್ದು ಟ್ರೇನರ್ ಕಿಟ್ ಮೇಲೆ. ಅಂಗೈ ಅಗಲದ ಹೆಕ್ಸ್ ಕೀಪ್ಯಾಡ್, ಕೆಂಪಗೆ ಉರಿಯುವ ಆರು ಅಂಕಿಗಳ ಡಿಸ್‌ಪ್ಲೇ, ಪಕ್ಕದಲ್ಲಿ ಪವರ್ ಸಪ್ಲೈ. ಬೆಂಗಳೂರಿನ ಎಲೆಕ್ಟ್ರೊ ಸಿಸ್ಟಮ್ಸ್ ಅಸೋಸಿಯೇಟ್ಸ್ ಕಂಪನಿ ‘ಇಎಸ್‌ಎ’ ಹೆಸರಿನಲ್ಲಿ ಮಾಡುತ್ತಿದ್ದ ಕಿಟ್‌ಗಳನ್ನು ಕರ್ನಾಟಕದ ಎಂಜಿನಿಯರಿಂಗ್ ಓದಿದ ಒಂದು ಇಡೀ ತಲೆಮಾರು ಬಲ್ಲದು. ಪ್ರೋಗ್ರಾಂ ಅನ್ನು ಮೊದಲು ಕಾಗದದ ಮೇಲೆ ಬರೆದು, ಪಟ್ಟಿ ನೋಡಿ ಒಂದೊಂದು ಆದೇಶವನ್ನೂ ಅಂಕಿಯಾಗಿಸಿ, ವಿಳಾಸ ಒತ್ತಿ ಅಂಕಿ ಒತ್ತಿ ತುಂಬಬೇಕು. ಎಪ್ಪತ್ತು ಬೈಟ್‌ಗಳ ಪ್ರೋಗ್ರಾಂನಲ್ಲಿ ನಡುವೆ ಒಂದು ಬೈಟ್ ಬಿಟ್ಟುಹೋಯಿತು ಎಂದರೆ ಅಲ್ಲಿಂದ ಮುಂದಿನದನ್ನೆಲ್ಲ ಮತ್ತೆ ಒತ್ತಬೇಕು. ಆ ಶಿಕ್ಷೆಯಿಂದ ಒಂದು ಲಾಭವೂ ಆಗುತ್ತಿತ್ತು. ಕಿಟ್ ಕಾಲದವರನ್ನು ನಿದ್ದೆಯಿಂದ ಎಬ್ಬಿಸಿ 3ಇ ಎಂದರೇನು ಎಂದು ಕೇಳಿದರೆ ಈಗಲೂ ಉತ್ತರ ಬರುತ್ತದೆ.

ಕಿಟ್‌ನ ಮೆಮೊರಿ ಕರೆಂಟ್ ಇರುವಷ್ಟು ಹೊತ್ತು ಮಾತ್ರ ನೆನಪಿಡುತ್ತದೆ; ಬ್ಯಾಟರಿ ಆಸರೆ ಇದ್ದ ಕಿಟ್‌ಗಳ ಮಾತು ಬೇರೆ. ಕೊಡಗಿನಲ್ಲಿ ಈ ಮಾತಿನ ತೂಕ ಹೆಚ್ಚು. ಕಕ್ಕಡ ತಿಂಗಳ ಮಳೆಗಾಳಿಗೆ ತೋಟದ ನೆರಳಿನ ಮರ ಮುರಿದು ವಿದ್ಯುತ್ ತಂತಿಯ ಮೇಲೆ ಬೀಳುವುದು ಇಲ್ಲಿ ಯಾರಿಗೂ ಸುದ್ದಿಯಲ್ಲ. ಕ್ಷಣಮಾತ್ರ ಕರೆಂಟ್ ಮಿನುಗಿದರೂ ಒತ್ತಿದ ಅಷ್ಟೂ ಬೈಟ್ ಮಾಯವಾಗುತ್ತವೆ. ವಾರಗಟ್ಟಲೆ ಬಿಸಿಲು ಕಾಣದ ತೇವದಲ್ಲಿ ಕನೆಕ್ಟರ್‌ಗಳು ಕಿಲುಬು ಹಿಡಿದು ಪ್ರೋಗ್ರಾಂ ಸರಿಯಿದ್ದರೂ ಕಿಟ್‌ಗೆ ಜೋಡಿಸಿದ ಮೋಟಾರ್ ತಿರುಗದೆ ನಿಲ್ಲಬಹುದು. ಒಂದು ಐಸಿ ಸುಟ್ಟರೆ ಬದಲಿ ತರಲು ಯಾರಾದರೂ ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋಗುವವರೆಗೆ ಕಾಯಬೇಕು. ಅಲ್ಲಿಯತನಕ ಆ ಕಿಟ್‌ನ ಬ್ಯಾಚ್ ಪಕ್ಕದ ಕಿಟ್‌ನವರ ಹೆಗಲ ಮೇಲಿಂದ ಇಣುಕುತ್ತಿರುತ್ತದೆ.

ಸಿಮ್ಯುಲೇಟರ್ ಈ ತೊಂದರೆಗಳನ್ನು ಒಂದೇ ಏಟಿಗೆ ದಾಟುತ್ತದೆ. ಅದು ಕಡತವನ್ನು ಡಿಸ್ಕ್‌ನಲ್ಲಿ ಉಳಿಸುತ್ತದೆ, ಬ್ಯಾಟರಿ ಮೇಲೆ ಓಡುತ್ತದೆ, ಸುಟ್ಟುಹೋಗುವುದಿಲ್ಲ. ಒಮ್ಮೆ ಇಳಿಸಿಕೊಂಡರೆ ಅದಕ್ಕೆ ನೆಟ್‌ವರ್ಕ್ ಕೂಡ ಬೇಡ. 2020ರ ಲಾಕ್‌ಡೌನ್‌ನಲ್ಲಿ ಸೋಮವಾರಪೇಟೆ ತಾಲ್ಲೂಕಿನ ಮುಳ್ಳೂರಿನ ಸರ್ಕಾರಿ ಶಾಲೆಯ ಶಿಕ್ಷಕರೊಬ್ಬರು ಆನ್‌ಲೈನ್ ಪಾಠಕ್ಕೆ ಸಿಗ್ನಲ್ ಹುಡುಕಿ ಮರದ ಮೇಲೆ ಬಿದಿರಿನ ಅಟ್ಟಣೆ ಕಟ್ಟಿಕೊಂಡದ್ದು ದೇಶಕ್ಕೆಲ್ಲ ಗೊತ್ತಾಗಿತ್ತು. ಅಂಥ ಜಿಲ್ಲೆಯಲ್ಲಿ ನೆಟ್‌ವರ್ಕ್ ಬೇಡದ ಪ್ರಯೋಗಶಾಲೆ ಎಂಬುದು ಸಣ್ಣ ಅನುಕೂಲವಲ್ಲ. 8085ಕ್ಕೆ ಇಂಥದ್ದೊಂದು ಉಚಿತವಾಗಿಯೇ ಇದೆ. ಲಿನಕ್ಸ್‌ ಮೇಲೆ ಓಡುವ ಸರಿಯಾದ 8085 ಸಿಮ್ಯುಲೇಟರ್ ಇಲ್ಲವೆಂದು ಕಂಡು ಶ್ರೀಧರ್ ರತ್ನಕುಮಾರ್ 2003ರಲ್ಲಿ ಬರೆದ ‘ಗ್ನೂಸಿಮ್8085’ ಅದು. ಅದರ ಮೂಲ ಕೋಡ್ ಯಾರು ಬೇಕಾದರೂ ತೆರೆದು ಓದಬಹುದು.

ಜೇಬಿನಲ್ಲೊಂದು ಅಸಲಿ, ಪರದೆಯಲ್ಲೊಂದು ನಕಲಿ

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಪಠ್ಯದಲ್ಲಿ ಬಹುಕಾಲ ಇದ್ದದ್ದು 8085ರ ತಮ್ಮ, 1978ರ 8086. ಮೈಕ್ರೊಸಾಫ್ಟ್‌ನ ‘ಮಾಸ್ಮ್’ ಅಸೆಂಬ್ಲರ್ ಬಳಸಿ ಡಾಸ್‌ನಲ್ಲಿ ಅದರ ಪ್ರೋಗ್ರಾಂ ಬರೆಯುತ್ತಿದ್ದರು. ಆಗಿನ ಪಿಸಿಗಳ ಪ್ರೊಸೆಸರ್ ಅದೇ ವಂಶದ್ದಾದ್ದರಿಂದ ಸಿಮ್ಯುಲೇಟರ್‌ನ ಅಗತ್ಯವೇ ಇರಲಿಲ್ಲ. ಕೋಡ್ ನೇರವಾಗಿ ಓಡುತ್ತಿತ್ತು. ಕಂಪ್ಯೂಟರ್‌ಗಳು 64 ಬಿಟ್‌ಗೆ ಹೊರಳಿದಾಗ ಪರಿಸ್ಥಿತಿ ಬದಲಾಯಿತು. 64 ಬಿಟ್ ನಡೆಯಲ್ಲಿರುವ ಪ್ರೊಸೆಸರ್ ಹಳೆಯ 8086ರ ವೇಷ ಹಾಕುವ ಸೌಕರ್ಯವನ್ನು ಬಿಟ್ಟುಕೊಟ್ಟಿತು, 64 ಬಿಟ್ ವಿಂಡೋಸ್ ಕೂಡ 16 ಬಿಟ್ ಪ್ರೋಗ್ರಾಂಗಳನ್ನು ಒಲ್ಲೆ ಎಂದಿತು. ಲ್ಯಾಬ್‌ಗಳು ಆಗ ಮೊರೆಹೋದದ್ದು ‘ಡಾಸ್‌ಬಾಕ್ಸ್’ಗೆ. 2002ರಲ್ಲಿ ಹಳೆಯ ಆಟಗಳಿಗಾಗಿ ಹುಟ್ಟಿದ ಈ ಎಮ್ಯುಲೇಟರ್ ಡಾಸ್ ಪಿಸಿಯನ್ನು ಪ್ರೊಸೆಸರ್ ಸಮೇತ ಸಾಫ್ಟ್‌ವೇರ್‌ನಲ್ಲೇ ಕಟ್ಟಿಕೊಡುತ್ತದೆ. ಅಜ್ಜನ ಭಾಷೆ ಮೊಮ್ಮಗನಿಗೆ ಬಾರದೆ ದುಭಾಷಿಯನ್ನು ಕರೆಸಿದ ಹಾಗೆ, ಇಂಟೆಲ್‌ನ ಹಳೆಯ ಕೋಡ್ ಇಂಟೆಲ್‌ನದೇ ಹೊಸ ಚಿಪ್ ಮೇಲೆ ಮಧ್ಯಸ್ಥರ ಮೂಲಕ ಓಡತೊಡಗಿತು.

ವಿಟಿಯು 2018ರ ಸ್ಕೀಮ್‌ನಲ್ಲಿ ಕಂಪ್ಯೂಟರ್ ಸೈನ್ಸ್‌ನ ನಾಲ್ಕನೇ ಸೆಮಿಸ್ಟರ್ ಲ್ಯಾಬ್ ಆರ್ಮ್ ಎಂಬ ಬೇರೆ ಪ್ರೊಸೆಸರ್ ಕಡೆಗೆ ತಿರುಗಿತು. ಆರ್ಮ್7 ತಿರುಳಿರುವ ಎಲ್‌ಪಿಸಿ2148 ಎಂಬ ಮೈಕ್ರೊಕಂಟ್ರೋಲರ್, ಅದಕ್ಕೆ ಕೋಡ್ ಬರೆಯಲು ‘ಕೈಲ್’ ಎಂಬ ಸಾಫ್ಟ್‌ವೇರ್. ಜರ್ಮನಿಯಲ್ಲಿ ಹುಟ್ಟಿದ ಕೈಲ್ ಕಂಪನಿಯನ್ನು 2005ರಲ್ಲಿ ಆರ್ಮ್ ಪ್ರೊಸೆಸರ್‌ನ ಕಂಪನಿಯೇ ಕೊಂಡುಕೊಂಡಿತು. ಇಲ್ಲಿ ‘ಬೇರೆ ಪ್ರೊಸೆಸರ್’ ಎಂಬ ಮಾತು ಪೂರ್ತಿ ನಿಜ. ಇಂಟೆಲ್ ವಂಶಕ್ಕೂ ಆರ್ಮ್‌ಗೂ ಆದೇಶದ ರೂಪದಿಂದ ಹಿಡಿದು ಯಾವುದೂ ಹೊಂದುವುದಿಲ್ಲ. ಅಸೆಂಬ್ಲಿಯಲ್ಲಿ ಎರಡು ಸಂಖ್ಯೆಗಳ ಗುಣಾಕಾರವನ್ನೋ ಫ್ಯಾಕ್ಟೋರಿಯಲ್ ಅನ್ನೋ ಬರೆದು, ಕೈಲ್‌ನಲ್ಲಿ ‘ಸಿಮ್ಯುಲೇಟರ್ ಬಳಸು’ ಎಂಬುದನ್ನು ಆರಿಸಿದರೆ, ಆರ್‌0ದಿಂದ ಆರ್‌15ರವರೆಗಿನ ರಿಜಿಸ್ಟರ್‌ಗಳು ಪರದೆಯ ಎಡಬದಿಯಲ್ಲಿ ಸಾಲಾಗಿ ನಿಲ್ಲುತ್ತವೆ. ಒಂದು ಕೀಲಿ ಒತ್ತಿದರೆ ಒಂದು ಆದೇಶ ನಡೆಯುತ್ತದೆ, ಬದಲಾದ ರಿಜಿಸ್ಟರ್‌ನ ಬಣ್ಣ ಬದಲಾಗುತ್ತದೆ.

ತಮಾಷೆಯೆಂದರೆ, ಹಾಗೆ ಕೂತವರ ಜೇಬಿನಲ್ಲಿ ಸಾಮಾನ್ಯವಾಗಿ ಒಂದು ಅಸಲಿ ಆರ್ಮ್ ಇರುತ್ತದೆ. ಮೊಬೈಲ್ ಫೋನ್‌ಗಳ ತಿರುಳು ಅದೇ. ಫೋನ್ ತನ್ನ ಒಳಗನ್ನು ತೋರಿಸುವುದಿಲ್ಲ. ಒಂದು ಆದೇಶದ ನಂತರ ನಿಲ್ಲು, ಆರ್‌3ರಲ್ಲಿ ಏನಿದೆ ತೋರಿಸು, ಎರಡು ಹೆಜ್ಜೆ ಹಿಂದೆ ಮೆಮೊರಿ ಹೇಗಿತ್ತು ಹೇಳು ಎಂದು ಪಳಗದ ಕೈಯವರು ಅದನ್ನು ಕೇಳಲಾಗದು. ಕಲಿಯುವವರ ಮಟ್ಟಿಗೆ ನಕಲಿ ಯಂತ್ರ ಅಸಲಿಗಿಂತ ಒಂದು ಕೈ ಮೇಲಿರುವುದು ಇಲ್ಲಿ. ಕೆಲಸ ನಡೆಯುತ್ತಿರುವಾಗಲೇ ಹೊಟ್ಟೆ ತೆರೆದು ತೋರಿಸಲು ಅದಕ್ಕೆ ಸಂಕೋಚವಿಲ್ಲ.

ಚಿಪ್ ಬರುವ ಮೊದಲೇ

ಈ ಸಂಕೋಚವಿಲ್ಲದ ಗುಣ ಲ್ಯಾಬ್‌ನಲ್ಲಿ ಕಲಿಯುವವರಿಗಷ್ಟೇ ಅಲ್ಲ, ಚಿಪ್ ಕೈಗೆ ಸಿಗದವರಿಗೂ ಒದಗಿಬಂದಿದೆ. 1975ರ ಜನವರಿಯಲ್ಲಿ ಅಮೆರಿಕದ ಒಂದು ಪತ್ರಿಕೆಯ ಮುಖಪುಟದಲ್ಲಿ ಆಲ್ಟೇರ್ 8800 ಎಂಬ ಪುಟ್ಟ ಕಂಪ್ಯೂಟರ್‌ನ ಚಿತ್ರ ಬಂತು. ಅದರೊಳಗಿದ್ದದ್ದು 8085ರ ಅಣ್ಣ, ಇಂಟೆಲ್ 8080. ಬಿಲ್ ಗೇಟ್ಸ್ ಮತ್ತು ಪಾಲ್ ಆಲೆನ್ ಅದಕ್ಕೆ ಬೇಸಿಕ್ ಭಾಷೆ ಬರೆದುಕೊಡುತ್ತೇವೆ ಎಂದು ಕಂಪನಿಗೆ ಮಾತು ಕೊಟ್ಟರು. ಅವರ ಬಳಿ ಆಲ್ಟೇರ್ ಇರಲಿಲ್ಲ. ಆಲೆನ್ ಇಂಟೆಲ್‌ನ ಕೈಪಿಡಿ ಎದುರಿಗಿಟ್ಟುಕೊಂಡು ಹಾರ್ವರ್ಡ್‌ನ ಪಿಡಿಪಿ-10 ಕಂಪ್ಯೂಟರ್ ಮೇಲೆ 8080ರ ಸಿಮ್ಯುಲೇಟರ್ ಬರೆದರು. ಅದರ ಮೇಲೆ ಗೇಟ್ಸ್, ಆಲೆನ್ ಮತ್ತು ಮಾಂಟೆ ಡೇವಿಡಾಫ್ ಸೇರಿ ಬೇಸಿಕ್ ಕಟ್ಟಿದರು. ಆಲ್ಟೇರ್ ಕಂಪನಿ ಇದ್ದ ಆಲ್ಬುಕರ್ಕಿಗೆ ಹೊರಟ ವಿಮಾನದಲ್ಲಿ ಆಲೆನ್‌ಗೆ, ಪ್ರೋಗ್ರಾಂ ಅನ್ನು ಯಂತ್ರದೊಳಗೆ ತುಂಬಿಸುವ ಪುಟ್ಟ ಲೋಡರ್ ಬರೆದೇ ಇಲ್ಲವೆಂದು ಹೊಳೆಯಿತು. ಕೂತಲ್ಲೇ ಕಾಗದದ ಮೇಲೆ ಬರೆದರು. ಜೀವಮಾನದಲ್ಲಿ ಮೊದಲ ಸಲ ಕಂಡ ಆಲ್ಟೇರ್ ಮೇಲೆ ಆ ಬೇಸಿಕ್ ಓಡಿತು. ಎರಡಕ್ಕೆ ಎರಡು ಕೂಡಿಸು ಎಂದರೆ ನಾಲ್ಕು ಎಂದಿತು. ಮೈಕ್ರೊಸಾಫ್ಟ್‌ನ ಮೊದಲ ಸರಕು ಹುಟ್ಟಿದ್ದು ಇಲ್ಲದ ಚಿಪ್ ಮೇಲೆ.

ಆರ್ಮ್‌ನ ಹುಟ್ಟು ಇದಕ್ಕಿಂತ ಒಂದು ಹೆಜ್ಜೆ ಮುಂದೆ. 1983ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನ ಏಕಾರ್ನ್ ಕಂಪನಿ ಹೊಸ ಪ್ರೊಸೆಸರ್ ಮಾಡಲು ಹೊರಟಾಗ ಆ ಚಿಪ್ ಜಗತ್ತಿನಲ್ಲಿ ಎಲ್ಲಿಯೂ ಇರಲಿಲ್ಲ. ಆದೇಶಗಳ ಪಟ್ಟಿಯನ್ನು ರೂಪಿಸಿದ ಸೋಫಿ ವಿಲ್ಸನ್, ಶಾಲೆಗಳಲ್ಲಿ ಬಳಕೆಯಲ್ಲಿದ್ದ ಬಿಬಿಸಿ ಮೈಕ್ರೊ ಕಂಪ್ಯೂಟರ್‌ನಲ್ಲಿ, ಬೇಸಿಕ್ ಭಾಷೆಯಲ್ಲಿ ಅದರ ಸಿಮ್ಯುಲೇಟರ್ ಬರೆದರು. ಎಂಟು ಬಿಟ್‌ನ 6502 ಪ್ರೊಸೆಸರ್ 32 ಬಿಟ್‌ನ ಹೊಸ ಯಂತ್ರದ ಪಾತ್ರ ಹಾಕಿತು. ಚಿಪ್‌ನ ಒಳರಚನೆಯನ್ನು ಬಿಡಿಸಿದ ಸ್ಟೀವ್ ಫರ್ಬರ್ ಕೂಡ ತಮ್ಮ ಮಾದರಿಯನ್ನು ಬರೆದದ್ದು ಬೇಸಿಕ್‌ನಲ್ಲೇ. 1985ರ ಏಪ್ರಿಲ್ 26ರಂದು ಸಿಲಿಕಾನ್ ಬಂತು, ಮೊದಲ ದಿನವೇ ಕೆಲಸ ಮಾಡಿತು.

ಆ ದಿನಗಳ ಇನ್ನೊಂದು ಘಟನೆ ಇದೆ. ಚಿಪ್ ಎಷ್ಟು ವಿದ್ಯುತ್ ಎಳೆಯುತ್ತಿದೆ ಎಂದು ಅಳೆಯಲು ಫರ್ಬರ್ ಆಮ್ಮೀಟರ್ ಜೋಡಿಸಿದರೆ ಮುಳ್ಳು ಸೊನ್ನೆಯಲ್ಲೇ ನಿಂತಿತ್ತು. ಹುಡುಕಿದಾಗ ಬೋರ್ಡ್‌ನ ತಪ್ಪು ಸಿಕ್ಕಿತು: ಚಿಪ್‌ಗೆ ವಿದ್ಯುತ್ ಸಂಪರ್ಕವನ್ನೇ ಕೊಟ್ಟಿರಲಿಲ್ಲ. ಸಿಗ್ನಲ್ ತಂತಿಗಳಿಂದ ಸೋರಿ ಬಂದ ಅಲ್ಪ ಶಕ್ತಿಯ ಮೇಲೆಯೇ ಅದು ಪ್ರೋಗ್ರಾಂ ಓಡಿಸುತ್ತಿತ್ತು. ಮುಂದೆ ಬ್ಯಾಟರಿಯ ಫೋನ್‌ಗಳನ್ನೆಲ್ಲ ಗೆದ್ದುಕೊಟ್ಟ ಮಿತವ್ಯಯ ಅದು. ಸಿಮ್ಯುಲೇಟರ್ ಪ್ರತಿ ಆದೇಶದ ಫಲವನ್ನೂ ಸರಿಯಾಗಿ ಹೇಳಿತ್ತು. ಈ ಚಿಪ್ ಇಷ್ಟು ಕಡಿಮೆಗೆ ಬದುಕುತ್ತದೆ ಎಂಬುದನ್ನು ಮಾತ್ರ ಅದು ಹೇಳುವಂತಿರಲಿಲ್ಲ. ಬೇಸಿಕ್‌ನಲ್ಲಿ ಬರೆದ ನಿಯಮಗಳಲ್ಲಿ ವೋಲ್ಟೇಜ್ ಎಂಬುದೇ ಇರಲಿಲ್ಲ.

ಸಿಮ್ಯುಲೇಟರ್‌ಗೆ ಗೊತ್ತಿಲ್ಲದ್ದು

ನಿಯಮದಲ್ಲಿ ಬರೆಯದ್ದು ಸಿಮ್ಯುಲೇಟರ್‌ಗೆ ಗೊತ್ತಿರುವುದಿಲ್ಲ. ಲ್ಯಾಬ್‌ನಲ್ಲಿ ‘ಪರದೆಯಲ್ಲಿ ಸರಿ ಬಂದಿತ್ತು ಸರ್, ಬೋರ್ಡ್‌ನಲ್ಲಿ ಬರುತ್ತಿಲ್ಲ’ ಎಂಬ ಮಾತು ಕೇಳಿದಾಗಲೆಲ್ಲ ಕಾರಣ ಹುಡುಕಬೇಕಾದ್ದು ಇಲ್ಲಿ.

ಸಾಮಾನ್ಯವಾದದ್ದು ಮೆಮೊರಿಯ ಮೋಸ. ಬಹಳಷ್ಟು ಸಿಮ್ಯುಲೇಟರ್‌ಗಳು ಶುರುವಾಗುವಾಗ ಎಲ್ಲ ಕೋಶಗಳಿಗೂ ಸೊನ್ನೆ ತುಂಬುತ್ತವೆ. ಮೊತ್ತ ಇಡುವ ಜಾಗವನ್ನು ಮೊದಲು ಖಾಲಿ ಮಾಡಬೇಕೆಂಬುದನ್ನು ಮರೆತರೂ ಉತ್ತರ ಸರಿ ಬರುತ್ತದೆ. ನಿಜವಾದ ರ್‍ಯಾಮ್‌ನಲ್ಲಿ ಕರೆಂಟ್ ಬಂದ ಕ್ಷಣ ಏನೇನೋ ಕಸ ತುಂಬಿರುತ್ತದೆ. ಅಲ್ಲಿ ಅದೇ ಪ್ರೋಗ್ರಾಂ ದಿನಕ್ಕೊಂದು ಉತ್ತರ ಕೊಡುತ್ತದೆ. ಗುಂಡಿಗಳದ್ದು ಇನ್ನೊಂದು. ಪರದೆಯ ಗುಂಡಿಯನ್ನು ಒಮ್ಮೆ ಒತ್ತಿದರೆ ಒಂದೇ ಸಲ ಒತ್ತಿದಂತೆ. ಲೋಹದ ಗುಂಡಿ ಒತ್ತಿದಾಗ ಅದರ ತಗಡು ಕೆಲವು ಮಿಲಿಸೆಕೆಂಡ್ ಕಾಲ ಅದುರುತ್ತದೆ, ಪ್ರೊಸೆಸರ್ ಅದನ್ನು ಹಲವು ಸಲ ಒತ್ತಿದಂತೆ ಎಣಿಸುತ್ತದೆ.

ಸ್ಫಟಿಕದ ಕಥೆ ಇನ್ನೂ ಸೂಕ್ಷ್ಮ. 1980ರ 8051 ಮೈಕ್ರೊಕಂಟ್ರೋಲರ್ ಇರುವ ಬೋರ್ಡ್‌ಗಳಲ್ಲಿ 11.0592 ಮೆಗಾಹರ್ಟ್ಸ್ ಎಂಬ ವಿಚಿತ್ರ ಸಂಖ್ಯೆಯ ಸ್ಫಟಿಕ ಇರುವುದನ್ನು ಹಲವರು ನೋಡಿರುತ್ತಾರೆ. ಅದನ್ನು 12ರಿಂದ, ಆಮೇಲೆ 32ರಿಂದ, ಆಮೇಲೆ 3ರಿಂದ ಭಾಗಿಸಿದರೆ ಕರಾರುವಾಕ್ಕಾಗಿ 9,600 ಬರುತ್ತದೆ. ಕಂಪ್ಯೂಟರ್ ಜತೆ ಮಾತಾಡಲು ಬೇಕಾದ ಸೀರಿಯಲ್ ವೇಗ ಅದು. ಅದರ ಜಾಗದಲ್ಲಿ 12 ಮೆಗಾಹರ್ಟ್ಸ್ ಹಾಕಿದರೆ ವೇಗ ಸುಮಾರು 10,417 ಆಗುತ್ತದೆ, ಅಂದರೆ ಶೇ 8.5ರಷ್ಟು ಹೆಚ್ಚು. ಆ ಕಡೆಯ ಕಂಪ್ಯೂಟರ್ ಬಿಟ್‌ಗಳನ್ನು ತಪ್ಪು ಗಳಿಗೆಯಲ್ಲಿ ಓದಿ ಅಕ್ಷರಗಳ ಬದಲು ಕಸ ತೋರಿಸುತ್ತದೆ. ಸಿಮ್ಯುಲೇಟರ್‌ನ ಸೀರಿಯಲ್ ಕಿಟಕಿಯಲ್ಲಿ ಮಾತ್ರ ಅಕ್ಷರಗಳು ಅಚ್ಚುಕಟ್ಟಾಗಿಯೇ ಕಾಣಬಹುದು, ಏಕೆಂದರೆ ಅಲ್ಲಿ ತಂತಿಯೂ ಇಲ್ಲ, ಆ ಕಡೆ ಕೇಳುವವರೂ ಇಲ್ಲ.

ಇನ್ನು ಕೈಪಿಡಿಯೇ ಹೇಳದ ಸಂಗತಿಗಳು. 8085ರಲ್ಲಿ ಒಂದು ಬೈಟ್‌ನ 256 ಸಾಧ್ಯತೆಗಳಲ್ಲಿ ಇಂಟೆಲ್ ಪ್ರಕಟಿಸಿದ್ದು 246. ಉಳಿದ ಹತ್ತು ಖಾಲಿ ಎಂದು ಕೈಪಿಡಿ ನಂಬಿಸುತ್ತದೆ. ಚಿಪ್‌ನಲ್ಲಿ ಅವು ಖಾಲಿಯಲ್ಲ. ಉದಾಹರಣೆಗೆ 08 ಎಂಬ ಆದೇಶ ಎಚ್‌ಎಲ್ ಜೋಡಿಯಿಂದ ಬಿಸಿ ಜೋಡಿಯನ್ನು ಕಳೆಯುತ್ತದೆ. ಕುತೂಹಲಿಗಳು ಅಸಲಿ ಚಿಪ್‌ಗಳನ್ನು ಕೆದಕಿ ಪತ್ತೆ ಮಾಡಿದ ಆದೇಶಗಳಿವು. ಕೈಪಿಡಿಗೆ ಮಾತ್ರ ನಿಷ್ಠವಾದ ಸಿಮ್ಯುಲೇಟರ್ ಇಲ್ಲಿ ಚಿಪ್‌ಗೆ ದ್ರೋಹ ಮಾಡುತ್ತದೆ. ಇದರ ತಿರುವುಮುರುವೂ ನಡೆದಿದೆ. 1994ರಲ್ಲಿ ಪೆಂಟಿಯಂ ಚಿಪ್ ಕೆಲವು ಭಾಗಾಕಾರಗಳಲ್ಲಿ ತಪ್ಪು ಉತ್ತರ ಕೊಡುವುದು ಬೆಳಕಿಗೆ ಬಂತು. 41,95,835ನ್ನು 31,45,727ರಿಂದ ಭಾಗಿಸಿದರೆ ನಾಲ್ಕನೇ ದಶಮಾಂಶ ಸ್ಥಾನದಲ್ಲೇ ಎಡವುತ್ತಿತ್ತು. ಅಲ್ಲಿ ನಿಯಮ ಸರಿಯಿತ್ತು, ಸಿಲಿಕಾನ್ ತಪ್ಪಿತ್ತು.

ಈ ಅಂತರಕ್ಕೆ ಅತಿ ದುಬಾರಿ ಬೆಲೆ ತೆತ್ತದ್ದು ಯುರೋಪಿನ ಏರಿಯಾನ್-5 ರಾಕೆಟ್. 1996ರ ಜೂನ್ 4ರಂದು, ಮೊದಲ ಹಾರಾಟದಲ್ಲೇ, ಎಂಜಿನ್ ಹೊತ್ತಿಕೊಂಡು ನಲವತ್ತು ಸೆಕೆಂಡ್ ಆಗುವಷ್ಟರಲ್ಲಿ ಅದು ದಾರಿ ತಪ್ಪಿ ಸಿಡಿಯಿತು. ದಿಕ್ಕು ಹೇಳುವ ಉಪಕರಣದ ಕೋಡ್ ಹಿಂದಿನ ಏರಿಯಾನ್-4ರಿಂದ ಬಂದದ್ದು. ಹೊಸ ರಾಕೆಟ್‌ನ ಅಡ್ಡ ವೇಗ ಹೆಚ್ಚಾದ್ದರಿಂದ, 64 ಬಿಟ್‌ನ ಒಂದು ಸಂಖ್ಯೆಯನ್ನು 16 ಬಿಟ್‌ಗೆ ಇಳಿಸುವಾಗ ಅದು ಹಿಡಿಸದೆ ತುಳುಕಿತು, ಉಪಕರಣ ಕೈಚೆಲ್ಲಿತು. ತನಿಖೆಯಲ್ಲಿ ಹೊರಬಿದ್ದ ಸಂಗತಿ ನಮ್ಮ ವಿಷಯಕ್ಕೆ ನೇರವಾಗಿ ಸೇರಿದ್ದು. ಇಡೀ ಹಾರಾಟವನ್ನು ನೆಲದ ಮೇಲೆ ಅನುಕರಿಸಿ ಪರೀಕ್ಷಿಸಿದ್ದರು. ಆದರೆ ಆ ಪರೀಕ್ಷೆಗಳಲ್ಲಿ ಅಸಲಿ ಉಪಕರಣದ ಜಾಗದಲ್ಲಿ ಕೂತದ್ದು ಅದರ ಸಿಮ್ಯುಲೇಷನ್. ಬದಲಿ ಪಾತ್ರಧಾರಿ ಎಲ್ಲೂ ತಪ್ಪಲಿಲ್ಲ, ಏಕೆಂದರೆ ಅಸಲಿಯ ದೌರ್ಬಲ್ಯ ಅದಕ್ಕೆ ಇರಲಿಲ್ಲ.

ಸ್ವಂತ ಚಿಪ್, ಸ್ವಂತ ಸಿಮ್ಯುಲೇಟರ್

ನಮ್ಮ ರಾಕೆಟ್‌ಗಳ ಕಡೆಗೆ ಬಂದರೆ, ಇಸ್ರೊ ತನ್ನ ಉಡಾವಣಾ ವಾಹನಗಳಿಗೆ 2009ರಿಂದ ಬಳಸುತ್ತಿದ್ದದ್ದು ‘ವಿಕ್ರಮ್ 1601’ ಎಂಬ 16 ಬಿಟ್ ಪ್ರೊಸೆಸರ್. ಅದರ 32 ಬಿಟ್ ಉತ್ತರಾಧಿಕಾರಿ ‘ವಿಕ್ರಮ್ 3201’ ಚಂಡೀಗಡದ ಸೆಮಿಕಂಡಕ್ಟರ್ ಲ್ಯಾಬೊರೇಟರಿಯಲ್ಲಿ ತಯಾರಾಗಿ 2025ರ ಮಾರ್ಚ್‌ನಲ್ಲಿ ಹಸ್ತಾಂತರವಾಯಿತು. ಅದಕ್ಕೂ ಮುನ್ನ ಪಿಎಸ್‌ಎಲ್‌ವಿ-ಸಿ60ರ ಜತೆ ಬಾಹ್ಯಾಕಾಶದಲ್ಲಿ ಅದರ ಪರೀಕ್ಷೆಯೂ ಆಗಿತ್ತು. ಪತ್ರಿಕೆಗಳು ಚಿಪ್‌ನ ಚಿತ್ರ ಹಾಕಿದವು. ಚಿಪ್‌ನಷ್ಟೇ ಮುಖ್ಯವಾದ ಸಂಗತಿ ಇಸ್ರೊ ಪ್ರಕಟಣೆಯ ಒಂದು ಸಾಲಿನಲ್ಲಿತ್ತು: ಏಡಾ ಭಾಷೆಯ ಕಂಪೈಲರ್, ಅಸೆಂಬ್ಲರ್, ಲಿಂಕರ್, ಸಿಮ್ಯುಲೇಟರ್ ಎಲ್ಲವನ್ನೂ ಸಂಸ್ಥೆಯೇ ಕಟ್ಟಿದೆ. ಹೊರಗಿನವರ ಪ್ರೊಸೆಸರ್ ಕೊಂಡರೆ ಅದರ ಸಾಧನಗಳೂ ಜತೆಗೆ ಬರುತ್ತವೆ. ಸ್ವಂತದ್ದನ್ನು ಮಾಡಿದವರು ಅದನ್ನು ಅನುಕರಿಸುವ ಯಂತ್ರವನ್ನೂ ಸ್ವತಃ ಬರೆಯಬೇಕು. ಇಲ್ಲದಿದ್ದರೆ ಚಿಪ್ ಸಿಗುವ ತನಕ ಅದರ ಪ್ರೋಗ್ರಾಂ ಬರೆಯುವವರು ಕೈಕಟ್ಟಿ ಕೂರಬೇಕಾಗುತ್ತದೆ.

ಅಂದರೆ ಸಿಮ್ಯುಲೇಟರ್ ಬಳಸಬಲ್ಲವರಷ್ಟೇ ಅಲ್ಲ, ಬರೆಯಬಲ್ಲವರೂ ಬೇಕು. ಆ ಕೆಲಸ ಕಲಿಯಲು ಈಗಿರುವಷ್ಟು ಅನುಕೂಲ ಹಿಂದೆ ಇರಲಿಲ್ಲ. ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 2010ರಲ್ಲಿ ಶುರುವಾದ ‘ರಿಸ್ಕ್-ಫೈವ್’ ಎಂಬ ಪ್ರೊಸೆಸರ್ ನಿಯಮಾವಳಿ ಉಚಿತ, ಬಹಿರಂಗ. ಐಐಟಿ ಮದ್ರಾಸಿನ ‘ಶಕ್ತಿ’ ಪ್ರೊಸೆಸರ್‌ಗಳು ಅದನ್ನೇ ಆಧರಿಸಿವೆ. ಅದರ 32 ಬಿಟ್ ಮೂಲ ಪಟ್ಟಿಯಲ್ಲಿರುವುದು 40 ಆದೇಶ. ಸಿ ಭಾಷೆ ಬಲ್ಲ ಮೂರನೇ ಸೆಮಿಸ್ಟರ್‌ನವರು ಅವನ್ನು ಓದಿ, 32 ರಿಜಿಸ್ಟರ್‌ಗೆ ಒಂದು ಸಾಲು, ಮೆಮೊರಿಗೆ ಒಂದು ಸಾಲು ಹಾಕಿ, ಎತ್ತಿಕೊ, ಅರ್ಥಮಾಡಿಕೊ, ನಡೆಸು ಎಂಬ ಸುತ್ತನ್ನು ಬರೆದರೆ ಒಂದು ಪ್ರೊಸೆಸರ್ ತಯಾರು. ಇದಕ್ಕೆ ಬೇಕಾದ್ದು ಒಂದು ಹಳೆಯ ಲ್ಯಾಪ್‌ಟಾಪ್ ಮತ್ತು ಮಳೆಗಾಲದ ಕೆಲವು ಸಂಜೆಗಳು. ಫ್ಲ್ಯಾಗ್ ಒಂದನ್ನು ಮರೆತಾಗ ಹದಿನೇಳರ ಜಾಗದಲ್ಲಿ ಹನ್ನೊಂದು ಹೇಗೆ ಬರುತ್ತದೆ ಎಂಬಂಥದ್ದನ್ನು ಬೇರೆಯವರ ಸಿಮ್ಯುಲೇಟರ್ ಬಳಸಿ ಕಲಿಯಲಾಗದು, ತಮ್ಮದೇ ಸಿಮ್ಯುಲೇಟರ್ ತಪ್ಪಿದಾಗ ತಾನಾಗಿ ಕಲಿಯುತ್ತಾರೆ.

ಹಾಗೆಂದು ಬೋರ್ಡ್‌ಗಳನ್ನು ಬೀರುವಿಗೆ ಸೇರಿಸಬೇಕಿಲ್ಲ. ಲ್ಯಾಬ್ ರೆಕಾರ್ಡ್‌ನಲ್ಲಿ ಈಗ ‘ಫಲಿತಾಂಶ’ ಎಂದು ಒಂದೇ ಅಂಕಣವಿರುತ್ತದೆ. ಅದನ್ನು ಎರಡು ಮಾಡಬಹುದು: ಸಿಮ್ಯುಲೇಟರ್ ಹೇಳಿದ್ದು, ಬೋರ್ಡ್ ಹೇಳಿದ್ದು. ತರ್ಕ, ಫ್ಲ್ಯಾಗ್, ಆದೇಶಗಳ ಎಣಿಕೆ ಇವೆಲ್ಲ ಮೊದಲನೆಯ ಅಂಕಣದಲ್ಲೇ ತೀರ್ಮಾನವಾಗುತ್ತವೆ. ಸ್ಫಟಿಕದ ನಿಜವಾದ ವೇಗ, ವೋಲ್ಟೇಜ್, ಗುಂಡಿಯ ಅದುರು, ತೇವ ಹಿಡಿದ ಕನೆಕ್ಟರ್ ಇವಕ್ಕೆ ಎರಡನೆಯದೇ ಬೇಕು. ಎರಡೂ ಒಂದೇ ಆಗಿ ಬಂದ ಪ್ರಯೋಗಕ್ಕೆ ಪೂರ್ತಿ ಅಂಕ ಕೊಡಲಿ. ಬೇರೆ ಬೇರೆ ಬಂದಾಗ, ಏಕೆ ಬೇರೆಯಾಯಿತು ಎಂದು ಸರಿಯಾಗಿ ಬರೆದವರಿಗೆ ಅದಕ್ಕಿಂತ ಎರಡು ಅಂಕ ಹೆಚ್ಚು ಕೊಟ್ಟರೆ ನಷ್ಟವೇನೂ ಇಲ್ಲ.